ಲಿಂಕನ್‌ಗೆ ಜಾತಿ ಇಲ್ಲ

“ಯಾರಾದ್ರೂ ಫಾರಿನ್ನವರದ್ದು ಒಂದು ಹಾಕಿ ಮೇಷ್ಟ್ರೇ.”

ಸಚಿವರ ಆಪ್ತ ಸಹಾಯಕರು ಹೀಗೆಂದ ಮೊದಲ ದಿನ ನನಗೆ ತಲೆಬುಡ ತಿಳಿಯಲಿಲ್ಲ. ತುಮಕೂರು ಕಡೆಯ ಕಾಲೇಜೊಂದರಲ್ಲಿ ಹಳಗನ್ನಡ ಪಾಠ ಮಾಡಿಕೊಂಡಿದ್ದವನು ನಾನು. ನಿಯೋಜನೆಯ ಮೇಲೆ ವಿಧಾನಸೌಧಕ್ಕೆ ಬಂದವನು ನಿವೃತ್ತಿಯವರೆಗೂ ಅಲ್ಲೇ ಉಳಿದುಬಿಟ್ಟೆ. ಒಂಬತ್ತು ವರ್ಷ, ನಾಲ್ವರು ಸಚಿವರು. ಪಕ್ಷ ಬದಲಾಯಿತು, ಬಾಗಿಲ ಮೇಲಿನ ಹೆಸರು ಬದಲಾಯಿತು, ಭಾಷಣ ಬರೆಯುವವನು ಮಾತ್ರ ಅದೇ ಮೂಲೆ ಮೇಜಿನಲ್ಲಿ ಕೂತಿದ್ದ. ಆವತ್ತು ಯಾವುದೋ ತಾಲ್ಲೂಕಿನಲ್ಲಿ ಸಮುದಾಯ ಭವನದ ಉದ್ಘಾಟನೆ. ನಾನು ಬಸವಣ್ಣನವರಿಂದ ಶುರು ಮಾಡಿದ್ದೆ. ಆಪ್ತ ಸಹಾಯಕರು ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದರು.

“ಬಸವಣ್ಣ ಹಾಕಿದ್ರೆ ಕನಕದಾಸರನ್ನ ಯಾಕೆ ಬಿಟ್ರಿ ಅಂತಾರೆ. ಅವರನ್ನೂ ಹಾಕಿದ್ರೆ ಕೆಂಪೇಗೌಡರೆಲ್ಲಿ ಅಂತಾರೆ. ವಾಲ್ಮೀಕಿ, ಮಾಚಿದೇವ, ಅಂಬಿಗರ ಚೌಡಯ್ಯ... ಎಲ್ಲರನ್ನೂ ಹಾಕಿದ್ರೆ ಭಾಷಣ ಎಲ್ಲುಳೀತು? ಒಬ್ಬರನ್ನ ಬಿಟ್ರೂ ನಾಳೆ ಸಾಹೇಬ್ರ ಮನೆ ಮುಂದೆ ಧರಣಿ. ಲಿಂಕನ್ ಹಾಕಿ. ಅವನಿಗ್ಯಾವ ಜಾತಿ?”

ನಮ್ಮ ನಾಯಕರು ಮಾತೆತ್ತಿದರೆ ಲಿಂಕನ್, ಮಂಡೇಲಾ, ಕೆನಡಿ, ಲೀ ಕ್ವಾನ್ ಯೂ ಎನ್ನುವುದನ್ನು ಕೇಳಿದವರು, ಇದು ಇಂಗ್ಲಿಷ್ ವ್ಯಾಮೋಹ, ಗುಲಾಮಗಿರಿಯ ಪಳೆಯುಳಿಕೆ ಎಂದೆಲ್ಲ ಬೈಯುತ್ತಾರೆ. ಒಳಗೆ ಕೂತು ಬರೆದವನಿಗೆ ಹಾಗನ್ನಿಸುವುದಿಲ್ಲ. ಈ ಹೆಸರುಗಳು ಅಗ್ಗ, ಅಷ್ಟೇ. ಲಿಂಕನ್‌ಗೆ ಮಠವಿಲ್ಲ, ಸಂಘವಿಲ್ಲ, ಅವನ ಹೆಸರಲ್ಲಿ ಅಭಿವೃದ್ಧಿ ನಿಗಮ ಬೇಕೆಂದು ಯಾರೂ ಅರ್ಜಿ ಹಾಕುವುದಿಲ್ಲ. ನಮ್ಮ ತಾಲ್ಲೂಕಿನಲ್ಲಿ ಟಿಕೆಟ್ ಕೇಳುವ ಮೊಮ್ಮಗನೂ ಅವನಿಗಿಲ್ಲ. ದೇವರಾಜ ಅರಸು ಎಂದರೆ ಸಭೆಯಲ್ಲಿ ಯಾರಾದರೊಬ್ಬ ಮುದುಕ ಎದ್ದುನಿಂತು, ಅರಸು ಕಾಲದಲ್ಲಿ ನನಗೆ ಎರಡೆಕರೆ ಬಂತು, ನಿಮ್ಮ ಕಾಲದಲ್ಲಿ ಏನು ಬಂತು ಎಂದು ಕೇಳಿಬಿಡಬಹುದು. ಲಿಂಕನ್ ಎಂದರೆ ಯಾರೂ ಏಳುವುದಿಲ್ಲ. ಚಪ್ಪಾಳೆ ಗ್ಯಾರಂಟಿ, ಲೆಕ್ಕ ಕೇಳುವವರಿಲ್ಲ.

ಕೇಳುವವರಿಲ್ಲದಿದ್ದರೆ ಏನೇನಾಗುತ್ತದೆ ಎಂಬುದನ್ನು ನಾನು ವೇದಿಕೆಯ ಹಿಂದೆ ನಿಂತು ನೋಡಿದ್ದೇನೆ. ಒಬ್ಬ ಸಚಿವರು ಲಿಂಕನ್ ಬೀದಿದೀಪದ ಕೆಳಗೆ ಓದಿ ಅಧ್ಯಕ್ಷನಾದ ಎಂದುಬಿಟ್ಟರು. ಕೆಂಟಕಿ, ಇಂಡಿಯಾನದ ಕಾಡಿನ ಮರದ ಗುಡಿಸಲಿನಲ್ಲಿ ಬೆಳೆದ ಹುಡುಗ ಅವನು. ದೀಪದ ಮಾತು ಹಾಗಿರಲಿ, ಅಲ್ಲಿ ಬೀದಿಯೇ ಇರಲಿಲ್ಲ. ನಮ್ಮ ಕಡೆ ಕಷ್ಟಪಟ್ಟು ಓದಿದ ದೊಡ್ಡವರ ಬಗ್ಗೆ ಹೇಳುವ ಕತೆ ನಾಲಿಗೆಯ ಮೇಲೆ ಜಾರಿ ಅಮೆರಿಕಕ್ಕೆ ಹೋಗಿತ್ತು. ಇನ್ನೊಬ್ಬರು ಚುನಾವಣೆ ಸೋತ ವಾರಕ್ಕೇ ಕಾರ್ಯಕರ್ತರ ಸಭೆ ಕರೆದು ಲಿಂಕನ್‌ನ ಸೋಲುಗಳ ಪಟ್ಟಿ ಓದಿದರು. ವ್ಯಾಪಾರದಲ್ಲಿ ಸೋತ, ಚುನಾವಣೆಯಲ್ಲಿ ಸೋತ, ಸೆನೆಟ್‌ಗೆ ನಿಂತು ಸೋತ, ಕೊನೆಗೆ 1860ರಲ್ಲಿ ಅಧ್ಯಕ್ಷನಾದ. ಪಟ್ಟಿ ಬಹಳ ಜನಪ್ರಿಯ. ಅದರಲ್ಲಿ ಬಿಟ್ಟುಹೋಗಿರುವುದು ಇಷ್ಟು: 1832ರಲ್ಲಿ ಇಲಿನಾಯ್ ಶಾಸನಸಭೆಗೆ ನಿಂತು ಸೋತವನು 1834, 1836, 1838, 1840 ಹೀಗೆ ನಾಲ್ಕು ಸಲ ಸತತವಾಗಿ ಅದೇ ಸಭೆಗೆ ಗೆದ್ದ. 1846ರಲ್ಲಿ ದೇಶದ ಸಂಸತ್ತಿಗೂ ಆರಿಸಿಬಂದ. ಅವನು ಬರೀ ಸೋತವನಲ್ಲ, ಪಳಗಿದ ರಾಜಕಾರಣಿ. ಆದರೆ ಠೇವಣಿ ಕಳೆದುಕೊಂಡವರಿಗೆ ಗೆದ್ದ ಲಿಂಕನ್ ತೆಗೆದುಕೊಂಡು ಏನಾಗಬೇಕು?

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಒಂದು ವಿಭಕ್ತಿ ಪ್ರತ್ಯಯ. ಕನ್ನಡ ಮೇಷ್ಟ್ರ ಚಾಳಿ ಎನ್ನಿ. ‘ಪ್ರಜೆಗಳಿಂದ, ಪ್ರಜೆಗಳಿಗಾಗಿ, ಪ್ರಜೆಗಳಿಗೋಸ್ಕರ’ ಎಂಬುದು ನಮ್ಮ ವೇದಿಕೆಗಳ ಗಾಯತ್ರಿ ಮಂತ್ರ. ಶಾಲೆಯಲ್ಲಿ ಎರಡು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡಿದ್ದು ಸಾಯುವವರೆಗೆ ಮರೆಯುವುದಿಲ್ಲ. ಒಮ್ಮೆ ನಿಧಾನವಾಗಿ ಹೇಳಿ ನೋಡಿ. ‘ಗಾಗಿ’ಗೂ ‘ಗೋಸ್ಕರ’ಕ್ಕೂ ಏನು ವ್ಯತ್ಯಾಸ? ಏನೂ ಇಲ್ಲ. ಲಿಂಕನ್ ಹೇಳಿದ್ದು ಮೂರು ಸಂಗತಿ: ಸರ್ಕಾರ ಪ್ರಜೆಗಳದ್ದು, ನಡೆಸುವವರು ಪ್ರಜೆಗಳು, ನಡೆಯುವುದು ಪ್ರಜೆಗಳಿಗಾಗಿ. ನಾವು ಕನ್ನಡಕ್ಕೆ ತರುವಾಗ ಷಷ್ಠೀ ವಿಭಕ್ತಿ ಮಾಯವಾಯಿತು, ಚತುರ್ಥಿ ಎರಡು ಸಲ ಬಂತು. ‘ಪ್ರಜೆಗಳ’ ಎಂಬ ಮೊದಲ ಮಾತೇ, ಅಂದರೆ ಒಡೆತನವೇ, ಬಿದ್ದುಹೋಯಿತು. ಉಳಿದದ್ದು ಪ್ರಜೆಗಳಿಗಾಗಿ, ಪ್ರಜೆಗಳಿಗೋಸ್ಕರ: ನಿಮಗೆ ಅಕ್ಕಿ ಕೊಡುತ್ತೇವೆ, ನಿಮಗೆ ಸೀರೆ ಕೊಡುತ್ತೇವೆ. ಯಾರೂ ಸಂಚು ಮಾಡಿ ಬದಲಿಸಿದ್ದಲ್ಲ, ಕಿವಿಗೆ ಇಂಪಾಗಿದೆ ಎಂದು ಉಳಿದುಕೊಂಡಿದೆ. ನಾನೂ ಹಾಗೇ ಬರೆದುಕೊಟ್ಟಿದ್ದೇನೆ. ಒಮ್ಮೆ ‘ಪ್ರಜೆಗಳ, ಪ್ರಜೆಗಳಿಂದ, ಪ್ರಜೆಗಳಿಗಾಗಿ’ ಎಂದು ತಿದ್ದಿ ಕೊಟ್ಟಾಗ ಸಾಹೇಬರು ಓದಿನೋಡಿ, “ಏನೋ ಒಂದು ಮಿಸ್ ಹೊಡೀತಿದೆ” ಎಂದರು. ಮತ್ತೆ ಗೋಸ್ಕರ ಬಂತು.

ಲಿಂಕನ್ ಅದನ್ನು ಹೇಳಿದ ಜಾಗ ಮತದಾರರ ಸಭೆಯಲ್ಲ, ಸ್ಮಶಾನ. ಗೆಟಿಸ್‌ಬರ್ಗ್‌ನಲ್ಲಿ 1863ರ ಜುಲೈನಲ್ಲಿ ಮೂರು ದಿನ ನಡೆದ ಕಾಳಗದಲ್ಲಿ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸುಮಾರು 50 ಸಾವಿರ. ನವೆಂಬರ್ 19ರಂದು ಸೈನಿಕರ ಸಮಾಧಿ ಭೂಮಿಯನ್ನು ಅರ್ಪಿಸುವ ದಿನ ಮುಖ್ಯ ಭಾಷಣಕಾರ ಎಡ್ವರ್ಡ್ ಎವರೆಟ್ ಎರಡು ಗಂಟೆ ಮಾತಾಡಿದ. ಆಮೇಲೆ ಎದ್ದ ಲಿಂಕನ್ ಮುಗಿಸಿದ್ದು ಎರಡೇ ನಿಮಿಷಕ್ಕೆ, ಸುಮಾರು 270 ಪದಗಳಲ್ಲಿ. ಪ್ರಜಾಪ್ರಭುತ್ವ ಎಂದರೇನು ಎಂದು ವ್ಯಾಖ್ಯೆ ಕೊಡಲು ಅವನು ಅಲ್ಲಿಗೆ ಹೋಗಿರಲಿಲ್ಲ. ಇಷ್ಟು ಜನ ಸತ್ತ ಮೇಲೂ ಅಂಥ ಸರ್ಕಾರ ಅಳಿಯದಂತೆ ನೋಡಿಕೊಳ್ಳುವುದು ಬದುಕಿರುವವರ ಮೇಲಿನ ಋಣ ಎಂದ. ಮರುದಿನ ಎವರೆಟ್ ಪತ್ರ ಬರೆದು, ನಾನು ಎರಡು ಗಂಟೆಯಲ್ಲಿ ಮುಟ್ಟಲಾಗದ್ದನ್ನು ನೀವು ಎರಡು ನಿಮಿಷದಲ್ಲಿ ಮುಟ್ಟಿದಿರಿ ಎಂಬರ್ಥದ ಮಾತು ಹೇಳಿದ. ನಮ್ಮಲ್ಲಿ ಆ ಎರಡು ನಿಮಿಷದ ಭಾಷಣದ ಒಂದು ಸಾಲನ್ನು ಎರಡು ಗಂಟೆಯ ಭಾಷಣದೊಳಗೆ ಕೂರಿಸುತ್ತೇವೆ. ಎವರೆಟ್ ಆಗಿಯೇ ಉಳಿದು ಲಿಂಕನ್ ಅನ್ನು ಸಾಲ ತರುತ್ತೇವೆ.

ಇನ್ನು ನನ್ನ ಪಾಪದ ಕತೆ. ಒಂದು ಸೆಪ್ಟೆಂಬರ್ 5ರ ಶಿಕ್ಷಕರ ದಿನಾಚರಣೆಗೆ, ಲಿಂಕನ್ ತನ್ನ ಮಗನ ಮೇಷ್ಟ್ರಿಗೆ ಬರೆದನೆಂಬ ಪತ್ರವನ್ನು ಸೇರಿಸಿದೆ. ಅದು ಗೊತ್ತಿಲ್ಲದವರಾರು? ಶಾಲೆಯ ಗೋಡೆಗಳ ಮೇಲಿದೆ, ಕ್ಯಾಲೆಂಡರಿನಲ್ಲಿದೆ, ಮೊಬೈಲಿನಲ್ಲಿ ವರ್ಷಕ್ಕೊಮ್ಮೆ ಬರುತ್ತದೆ. ಸಾಹೇಬರು ಚೆನ್ನಾಗಿ ಓದಿದರು, ಮುಂದಿನ ಸಾಲಿನಲ್ಲಿ ಕೂತಿದ್ದ ಮೇಡಮ್ಮುಗಳು ಕಣ್ಣೊರೆಸಿಕೊಂಡರು. ಹತ್ತು ದಿನಕ್ಕೆ ಕಚೇರಿಗೆ ಒಂದು ಅಂಚೆ ಕಾರ್ಡ್ ಬಂತು. ಬರೆದವರು ನಿವೃತ್ತ ಮುಖ್ಯೋಪಾಧ್ಯಾಯರು, ದುಂಡು ಅಕ್ಷರ. ಭಾಷಣ ಪತ್ರಿಕೆಯಲ್ಲಿ ಓದಿದೆ, ಸಂತೋಷವಾಯಿತು ಎಂದು ಶುರು ಮಾಡಿ ಒಂದೇ ಒಂದು ಪ್ರಶ್ನೆ ಕೇಳಿದ್ದರು: ಆ ಮೇಷ್ಟ್ರ ಹೆಸರೇನು ಸ್ವಾಮಿ?

ನಾನು ಕೂತಲ್ಲೇ ಬೆವೆತೆ. ಲೋಕವೇ ಓದಿದ ಪತ್ರ, ಆದರೆ ಮೇಷ್ಟ್ರಿಗೆ ಹೆಸರಿಲ್ಲ, ಶಾಲೆಗೆ ಊರಿಲ್ಲ, ಮೇಲೆ ತಾರೀಖಿಲ್ಲ. ಕಾಗದದ ಮೇಲಂಚಿನಲ್ಲಿ ಇರಬೇಕಾದ ಯಾವುದೂ ಇಲ್ಲ ಎಂಬುದನ್ನು ಆಡಳಿತ ಕನ್ನಡದಲ್ಲಿ ಕಡತ ಬರೆಯುವ ನಾನೇ ಗಮನಿಸಿರಲಿಲ್ಲ. ಗ್ರಂಥಾಲಯಕ್ಕೆ ಹೋದೆ. ಲಿಂಕನ್‌ನ ಬರಹ, ಪತ್ರ, ಭಾಷಣಗಳ ಸಮಗ್ರ ಸಂಪುಟಗಳು 1953ರಲ್ಲೇ ಅಚ್ಚಾಗಿವೆ. ಅವುಗಳಲ್ಲಿ ಈ ಪತ್ರ ಇಲ್ಲ. ಯಾರೋ, ಎಲ್ಲೋ, ಬಹಳ ಈಚೆಗೆ ಕಟ್ಟಿದ ಪತ್ರ ಅದು.

ಹುಡುಕುವಾಗ ಇನ್ನೊಂದು ಸಿಕ್ಕಿತು. ಅದು ಅಪ್ಪಟ. ಲಿಂಕನ್‌ನ ಹಿರಿಮಗ ರಾಬರ್ಟ್ ಹಾರ್ವರ್ಡ್ ಸೇರುವ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದವನು, ಆಮೇಲೆ ಸೇರಿದ. ಅವನ ಗೆಳೆಯ ಜಾರ್ಜ್ ಲೇಥಮ್ ಕೂಡ ಅದೇ ಪರೀಕ್ಷೆಯಲ್ಲಿ ಫೇಲಾದಾಗ, 1860ರ ಜುಲೈ 22ರಂದು, ಅಧ್ಯಕ್ಷ ಚುನಾವಣೆಗೆ ಅಭ್ಯರ್ಥಿಯಾಗಿ ನಿಂತಿದ್ದ ಹೊತ್ತಿನಲ್ಲಿ, ಲಿಂಕನ್ ಆ ಹುಡುಗನಿಗೆ ಕೂತು ಪತ್ರ ಬರೆದ. ಬಾಬ್‌ನ (ರಾಬರ್ಟ್‌ನ) ಕಾಗದದಿಂದ ನೀನು ಫೇಲಾದದ್ದು ತಿಳಿದು ಬಹಳ ನೋವಾಯಿತು, ಆದರೆ ನೀನೇ ಮನಸ್ಸು ಕುಗ್ಗಲು ಬಿಡದಿದ್ದರೆ ಇದೇನೂ ದೊಡ್ಡದಲ್ಲ, ಹಠ ಹಿಡಿದರೆ ಆಗುತ್ತದೆ, ನಾನು ನಿನಗಿಂತ ವಯಸ್ಸಿನಲ್ಲಿ ದೊಡ್ಡವನು, ಕಂಡವನು ಹೇಳುತ್ತಿದ್ದೇನೆ ಎಂಬ ಧಾಟಿ. ಉಪದೇಶವಿಲ್ಲ, ಅಲಂಕಾರವಿಲ್ಲ, ಮಗನ ಸ್ನೇಹಿತನ ಹೆಗಲ ಮೇಲೆ ಕೈಯಿಟ್ಟ ಹಾಗಿದೆ.

ಮಾರನೇ ವರ್ಷ ಸೆಪ್ಟೆಂಬರ್ ಬಂದಾಗ ಇದನ್ನು ಆಪ್ತ ಸಹಾಯಕರ ಮುಂದಿಟ್ಟೆ. “ಯಾರು ಈ ಲೇಥಮ್ಮು? ಫೇಲಾದ ಹುಡುಗನಾ? ಶಿಕ್ಷಕರ ದಿನ ಫೇಲಾದವರ ಮಾತು ಯಾಕೆ ಮೇಷ್ಟ್ರೇ, ಕಳೆದ ಸಲದ್ದೇ ಇರಲಿ. ಹೋದ ವರ್ಷ ಏನು ಚಪ್ಪಾಳೆ!” ಎಂದರು. ಸುಳ್ಳು ಪತ್ರವೇ ಮತ್ತೆ ಹೋಯಿತು. ಅಂಚೆ ಕಾರ್ಡಿಗೆ ಉತ್ತರ ಬರೆಯುವ ಮುಖ ನನಗಿರಲಿಲ್ಲ.

ಚರ್ಚಿಲ್ ಕತೆಯೂ ಇದೇ. ಸ್ವಾತಂತ್ರ್ಯ ಕೊಟ್ಟರೆ ಭಾರತ ಪುಂಡುಪೋಕರಿಗಳ ಪಾಲಾಗುತ್ತದೆ ಎಂದು ಅವನು ಹೇಳಿದನೆಂದು ಆಗಸ್ಟ್ 15ಕ್ಕೆ ಓದುವ ಸಾಲುಗಳು ಅವನ ಭಾಷಣ, ಬರಹಗಳನ್ನು ಜಾಲಾಡಿದವರಿಗೆ ಸಿಕ್ಕಿಲ್ಲ. ಗಾಂಧೀಜಿಯನ್ನು ಅರೆಬೆತ್ತಲೆ ಫಕೀರ ಎಂದು 1931ರಲ್ಲಿ ಹೀಯಾಳಿಸಿದ್ದು ಮಾತ್ರ ನಿಜ. ನಿಜವಾಗಿಯೂ ಆಡಿದ ಕೆಟ್ಟ ಮಾತು ಇರುವಾಗ ಸುಳ್ಳು ಹುಟ್ಟಿಸುವ ಶ್ರಮ ಯಾಕೋ!

ಸಿಂಗಪುರಕ್ಕೆ ಬರೋಣ. ಇದು ಲಿಂಕನ್ ಥರ ಬರೀ ಅಲಂಕಾರವಲ್ಲ, ನಮ್ಮ ಊರಿಗೂ ಅದಕ್ಕೂ ನಂಟಿದೆ. ವೈಟ್‌ಫೀಲ್ಡ್‌ನ ಐಟಿ ಪಾರ್ಕ್ ಶುರುವಾದದ್ದೇ ತೊಂಬತ್ತರ ದಶಕದಲ್ಲಿ ಭಾರತ, ಸಿಂಗಪುರಗಳ ಜಂಟಿ ಯೋಜನೆಯಾಗಿ. 1999ರಲ್ಲಿ ಮುಖ್ಯಮಂತ್ರಿಯಾದ ಎಸ್.ಎಂ. ಕೃಷ್ಣ ಅವರು ಬೆಂಗಳೂರನ್ನು ಸಿಂಗಪುರ ಮಾಡುವ ಮಾತಾಡಿದ ಮೇಲೆ ಅದು ಎಲ್ಲ ಪಕ್ಷಗಳ ಆಸ್ತಿಯಾಯಿತು. 2015ರ ಮಾರ್ಚ್‌ನಲ್ಲಿ ಸಿಂಗಪುರದ ಪ್ರಧಾನಿಯಾಗಿದ್ದ ಲೀ ಕ್ವಾನ್ ಯೂ ತೀರಿಕೊಂಡಾಗ ಭಾರತ ಒಂದು ದಿನ ಬಾವುಟ ಅರ್ಧಕ್ಕಿಳಿಸಿ ಶೋಕ ಆಚರಿಸಿತು. ಆ ವಾರ ನಾನೇ ಎರಡು ಸಂತಾಪ ಭಾಷಣ ಬರೆದೆ. ಎರಡರಲ್ಲೂ ರಸ್ತೆ, ಮರ, ಚೊಕ್ಕಟತನ, ಶಿಸ್ತು. ಬರೆಯಲು ಬಿಡದಿದ್ದದ್ದು ಒಂದು.

1986ರಲ್ಲಿ ಸಿಂಗಪುರದ ರಾಷ್ಟ್ರೀಯ ಅಭಿವೃದ್ಧಿ ಸಚಿವ ತೆಹ್ ಚೀಯಾಂಗ್ ವಾನ್ ಮೇಲೆ ಎರಡು ಸಲ ಲಂಚ ಪಡೆದ ಆರೋಪ ಬಂತು. ಲೀ ಅವರ ಸಂಪುಟದ ಸಹೋದ್ಯೋಗಿ. ಅಲ್ಲಿನ ಭ್ರಷ್ಟಾಚಾರ ತನಿಖಾ ಸಂಸ್ಥೆ ವಿಚಾರಣೆ ನಡೆಸುತ್ತಿದ್ದಾಗ ಆತ ಪ್ರಧಾನಿಯ ಭೇಟಿ ಕೇಳಿದ. ತನಿಖೆ ಮುಗಿಯುವವರೆಗೆ ಭೇಟಿಯಾಗುವುದಿಲ್ಲ ಎಂದರು ಲೀ. ಡಿಸೆಂಬರ್‌ನಲ್ಲಿ ಆತ ಜೀವ ಕಳೆದುಕೊಂಡ. ಕ್ರೂರ ಕತೆ, ಒಪ್ಪುತ್ತೇನೆ. ಆದರೆ ಆ ಮುಚ್ಚಿದ ಬಾಗಿಲನ್ನು ಬಿಟ್ಟು ಸಿಂಗಪುರ ಅರ್ಥವಾಗುವುದಿಲ್ಲ. ಅದು ಹಳೆಯ ಕಾಲದ್ದು ಎನ್ನುವವರಿಗೆ: 2024ರ ಅಕ್ಟೋಬರ್‌ನಲ್ಲಿ ಅದೇ ದೇಶದ ಮಾಜಿ ಸಚಿವ ಎಸ್. ಈಶ್ವರನ್ ಅವರಿಗೆ ಹನ್ನೆರಡು ತಿಂಗಳು ಜೈಲಾಯಿತು. ಪಡೆದದ್ದು ಕಾರ್ ರೇಸಿನ ಟಿಕೆಟ್ಟು, ವಿಸ್ಕಿ, ಒಂದು ಸೈಕಲ್ಲು ಇಂಥ ಉಡುಗೊರೆಗಳು, ಒಟ್ಟು ನಾಲ್ಕು ಲಕ್ಷ ಸಿಂಗಪುರ ಡಾಲರಿಗೂ ಮೇಲೆ. ನಮ್ಮಲ್ಲಿ ಸೈಕಲ್ಲಿಗೆ ಜೈಲು ಎಂದರೆ ಸಂಜೆಗೆ ಪ್ರತಿಭಟನೆ ಇಟ್ಟುಕೊಳ್ಳುತ್ತಾರೆ.

ಇನ್ನೊಂದು ಮುಖವನ್ನೂ ಹೇಳಬೇಕು. ಅದೇ ಲೀ ಕಾಲದಲ್ಲಿ ಚಿಯಾ ತಾಯ್ ಪೋ ಎಂಬ ವಿರೋಧ ಪಕ್ಷದ ಜನಪ್ರತಿನಿಧಿಯನ್ನು 1966ರಲ್ಲಿ ಹಿಡಿದು ವಿಚಾರಣೆಯೇ ಇಲ್ಲದೆ 23 ವರ್ಷ ಇಟ್ಟರು. ‘ಸಿಂಗಪುರದ ಶಿಸ್ತು ಬೇಕು’ ಎನ್ನುವ ನಾಯಕರು ಬಯಸುವುದು ಸಚಿವನ ಮೇಲಿನ ಶಿಸ್ತನ್ನೋ, ವಿರೋಧಿಯ ಮೇಲಿನ ಶಿಸ್ತನ್ನೋ ಎಂದು ನನಗೆ ಯಾವಾಗಲೂ ಅನುಮಾನ.

ಮಂಡೇಲಾ ಬರುವುದು ಜಾಮೀನಿನ ದಿನ. ಜೈಲಿನ ಗೇಟಿನ ಹೊರಗೆ ಕ್ರೇನಿಗೆ ಕಟ್ಟಿದ ಸೇಬಿನ ಹಾರ, ಪಟಾಕಿ, ಫ್ಲೆಕ್ಸಿನಲ್ಲಿ ‘ಅಭಿನವ ಮಂಡೇಲಾ’. ಒಳಗಿದ್ದದ್ದು ಮೂರು ವಾರವೋ ಮೂರು ತಿಂಗಳೋ, ಅದೂ ಹಣದ ಕೇಸಿನಲ್ಲಿ. ಅವರ ಲೆಕ್ಕದಲ್ಲಿ ಮಂಡೇಲಾ ಎಂದರೆ ಜೈಲಿಗೆ ಹೋಗಿ ಬಂದು ಅಧಿಕಾರ ಹಿಡಿದವನು. 27 ವರ್ಷ ಎಂಬ ಸಂಖ್ಯೆ ಎಲ್ಲರಿಗೂ ಬಾಯಲ್ಲಿದೆ. ಆದರೆ 1985ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಅಧ್ಯಕ್ಷ ಬೋಥಾ, ಹಿಂಸೆಯ ಮಾರ್ಗ ಬಿಡುವುದಾಗಿ ಒಪ್ಪಿಕೊಂಡರೆ ಬಿಡುತ್ತೇವೆ ಎಂದಾಗ ಆ ಮನುಷ್ಯ ಒಲ್ಲೆ ಎಂದದ್ದು ಯಾರ ಭಾಷಣದಲ್ಲೂ ಇರುವುದಿಲ್ಲ. ಫೆಬ್ರುವರಿ 10ರಂದು ಸೊವೆಟೊದ ಕ್ರೀಡಾಂಗಣದಲ್ಲಿ ಮಗಳು ಜಿಂಡ್ಜಿ ಅಪ್ಪನ ಉತ್ತರವನ್ನು ಜನರಿಗೆ ಓದಿ ಹೇಳಿದಳು. ಷರತ್ತಿನ ಬಿಡುಗಡೆ ಬೇಡವೆಂದು ಇನ್ನೂ ಐದು ವರ್ಷ ಒಳಗುಳಿದ, 1990ರ ಫೆಬ್ರುವರಿ 11ರಂದು ಹೊರಬಂದ. ಷರತ್ತುಬದ್ಧ ಜಾಮೀನಿನ ಮೇಲೆ, ಪಾಸ್‌ಪೋರ್ಟ್ ಕೋರ್ಟಿಗೆ ಒಪ್ಪಿಸಿ ಬಂದವರ ಫ್ಲೆಕ್ಸಿಗೆ ಈ ಮಂಡೇಲಾ ಒಗ್ಗುವುದಿಲ್ಲ. ಒಂದೇ ಅವಧಿಗೆ ಅಧ್ಯಕ್ಷನಾಗಿ 1999ರಲ್ಲಿ ತಾನಾಗಿಯೇ ಕುರ್ಚಿ ಬಿಟ್ಟದ್ದಂತೂ ಬೇಡವೇ ಬೇಡ.

ಅಮೆರಿಕದಲ್ಲಾದರೆ ಇಂಥದ್ದಕ್ಕೆ ಅಲ್ಲೇ ಉತ್ತರ ಸಿಕ್ಕೀತು. 1988ರಲ್ಲಿ ಉಪಾಧ್ಯಕ್ಷ ಅಭ್ಯರ್ಥಿಗಳ ಚರ್ಚೆಯಲ್ಲಿ ಡ್ಯಾನ್ ಕ್ವೇಲ್ ತನ್ನ ಅನುಭವವನ್ನು ಕೆನಡಿಯ ಅನುಭವಕ್ಕೆ ಹೋಲಿಸಿಕೊಂಡಾಗ ಎದುರಿದ್ದ ಲಾಯ್ಡ್ ಬೆಂಟ್ಸನ್, ನಾನು ಕೆನಡಿಯ ಜೊತೆ ಕೆಲಸ ಮಾಡಿದವನು, ಅವನನ್ನು ಬಲ್ಲವನು, ನೀವು ಕೆನಡಿಯಲ್ಲ ಎಂದುಬಿಟ್ಟ. ನಮ್ಮ ವೇದಿಕೆಯಲ್ಲಿ ಮಂಡೇಲಾನನ್ನು ಬಲ್ಲವರು ಯಾರಿದ್ದಾರೆ? ಇರದಿರುವುದರಿಂದಲೇ ಆ ಹೆಸರು.

ಹಾಗಾದರೆ ಹೊರಗಿನವರ ಹೆಸರನ್ನೇ ಎತ್ತಬಾರದೆ ಎಂದು ಕೇಳಬಹುದು. ಎತ್ತಿದ ರೀತಿ ನೋಡಬೇಕಾದರೆ 1949ರ ನವೆಂಬರ್ 25ರ ಸಂವಿಧಾನ ಸಭೆಗೆ ಹೋಗಬೇಕು. ಅಂಬೇಡ್ಕರ್ ಮುಕ್ತಾಯದ ಭಾಷಣ ಮಾಡಿದರು. ಅದರಲ್ಲಿ ಜಾನ್ ಸ್ಟುವರ್ಟ್ ಮಿಲ್ ಬರುತ್ತಾನೆ, ಜೆಫರ್ಸನ್ ಬರುತ್ತಾನೆ. ಅವರ ಜೊತೆಗೆ ನಮ್ಮ ಯಾವ ವೇದಿಕೆಯಲ್ಲೂ ನಾನು ಕೇಳದ ಒಬ್ಬ ಬರುತ್ತಾನೆ: ಐರ್ಲೆಂಡಿನ ಡೇನಿಯಲ್ ಓಕಾನಲ್. ವಕೀಲ. ನಮ್ಮಂತೆಯೇ ಇಂಗ್ಲಿಷರ ಕೈಕೆಳಗಿದ್ದ ನಾಡಿನವನು. ಕ್ಯಾಥೊಲಿಕರು ಬ್ರಿಟಿಷ್ ಸಂಸತ್ತಿನಲ್ಲಿ ಕೂರುವ ಹಕ್ಕನ್ನು 1829ರಲ್ಲಿ ಹೋರಾಡಿ ಗಳಿಸಿಕೊಟ್ಟವನು. ಅಂಬೇಡ್ಕರ್ ಅವನನ್ನು ಕರೆತಂದದ್ದು ಸಭೆಯನ್ನು ಹೊಗಳಲಿಕ್ಕಲ್ಲ, ಗದರಲಿಕ್ಕೆ. ದೇಶಕ್ಕಾಗಿ ಬದುಕು ಸವೆಸಿದ ಮಹನೀಯರಿಗೆ ಕೃತಜ್ಞರಾಗಿರುವುದರಲ್ಲಿ ತಪ್ಪಿಲ್ಲ, ಆದರೆ ಕೃತಜ್ಞತೆಗೂ ಒಂದು ಮಿತಿಯುಂಟು ಎಂದರು. ಮಾನ ಬಿಟ್ಟು ಯಾವ ಮನುಷ್ಯನೂ, ಸ್ವಾತಂತ್ರ್ಯ ಬಿಟ್ಟು ಯಾವ ದೇಶವೂ ಕೃತಜ್ಞವಾಗಿರಲಾಗದು ಎಂಬ ಓಕಾನಲ್‌ನ ಮಾತನ್ನು ಅದಕ್ಕೆ ಸಾಕ್ಷಿಯಾಗಿಟ್ಟರು. ಧರ್ಮದಲ್ಲಿ ಭಕ್ತಿ ಮೋಕ್ಷದ ದಾರಿಯಾದೀತು, ರಾಜಕೀಯದಲ್ಲಿ ಅದು ಅಧೋಗತಿಗೆ, ಕೊನೆಗೆ ಸರ್ವಾಧಿಕಾರಕ್ಕೆ ಒಯ್ಯುತ್ತದೆ ಎಂದರು.

ಹೇಳಿದ ಕಾಲ ನೆನೆಸಿಕೊಳ್ಳಿ. ಗಾಂಧೀಜಿ ತೀರಿಕೊಂಡು ಎರಡು ವರ್ಷ ತುಂಬಿರಲಿಲ್ಲ. ನೆಹರೂ, ಪಟೇಲರ ಫೋಟೋಗಳು ದೇವರ ಗೂಡಿನಲ್ಲಿದ್ದ ಕಾಲ. ಅಂಥ ಹೊತ್ತಿನಲ್ಲಿ ಈ ಮಾತು ಹೇಳಿದರೆ ಚಪ್ಪಾಳೆಯಲ್ಲ, ಕೋಪ ಬರುತ್ತದೆ. ಓಕಾನಲ್ ಅವರಿಗೆ ಅಗ್ಗದ ಹೆಸರಾಗಿರಲಿಲ್ಲ.

ನಿವೃತ್ತಿಯ ಹಿಂದಿನ ತಿಂಗಳು ಸಂವಿಧಾನ ದಿನದ ಭಾಷಣ ನನ್ನ ಪಾಲಿಗೆ ಬಂತು. ಕೊನೆಯದಾಗಿ ಒಂದು ಒಳ್ಳೆಯದು ಬರೆಯೋಣವೆಂದು ಇದನ್ನೇ ಹಾಕಿದೆ. ಆಪ್ತ ಸಹಾಯಕರಿಗೆ ಅಂಬೇಡ್ಕರ್ ಹೆಸರು ಸಾಕಾಯಿತು, ಉಳಿದದ್ದು ಓದಲಿಲ್ಲ. ಸಾಹೇಬರು ಕಾರಿನಲ್ಲಿ ಒಮ್ಮೆ ಕಣ್ಣಾಡಿಸಿ, “ಇದು ಓಕಾ... ಏನ್ರೀ ಮೇಷ್ಟ್ರೇ, ನಾಲಿಗೆ ಹೊರಳಲ್ಲ” ಎಂದು ಓಕಾನಲ್ ಹೆಸರಿಗೆ ಅಡ್ಡಗೆರೆ ಎಳೆದರು. ಹೋಗಲಿ, ಮಾತು ಉಳಿಯಿತಲ್ಲ ಎಂದುಕೊಂಡೆ.

ಸಾಹೇಬರಿಗೆ ಚಾಳೀಸು, ಹಾಗಾಗಿ ದೊಡ್ಡ ಅಕ್ಷರ, ಹಾಳೆಗೆ ಹತ್ತೇ ಸಾಲು. ವೇದಿಕೆಯ ನಡುವೆ ಪಕ್ಷದ ಹಿರಿಯ ನಾಯಕರು ಕೂತಿದ್ದರು. ಮೂರನೇ ಹಾಳೆಯ ಕೊನೆಯ ಸಾಲು ಹೀಗಿತ್ತು: ದೇಶಕ್ಕಾಗಿ ಬದುಕು ಸವೆಸಿದ ಮಹನೀಯರಿಗೆ ಕೃತಜ್ಞರಾಗಿರುವುದರಲ್ಲಿ ತಪ್ಪಿಲ್ಲ ಎಂದರು ಬಾಬಾಸಾಹೇಬರು. ಸಾಹೇಬರು ಅದನ್ನು ಓದಿ ತಲೆಯೆತ್ತಿದರು. ಏನೋ ಹೊಳೆದಂತೆ ನಡುವಿನ ಕುರ್ಚಿಯ ಕಡೆ ತಿರುಗಿ, ಎರಡೂ ಕೈ ಜೋಡಿಸಿ, ಸೊಂಟದವರೆಗೆ ಬಾಗಿದರು. ಶಿಳ್ಳೆ, ಚಪ್ಪಾಳೆ, ಜೈಕಾರ. ಯಾರೋ ಹಾರ ತಂದರು. ಹಿರಿಯ ನಾಯಕರು ಎದ್ದು ಬಂದು ಬೆನ್ನು ತಟ್ಟಿದರು. ಸಾಹೇಬರು ಮೈಕಿಗೆ ಮರಳಿ ಜೈ ಹಿಂದ್, ಜೈ ಕರ್ನಾಟಕ ಎಂದು ಇಳಿದುಬಿಟ್ಟರು.

ಸಭೆ ಚದುರಿದ ಮೇಲೆ ಕಾಗದ ಎತ್ತಿಕೊಳ್ಳಲು ಹೋದೆ. ನಾಲ್ಕನೇ ಹಾಳೆ ಮಡಿಕೆ ಕೂಡ ಬಿಚ್ಚದೆ ಪೋಡಿಯಂ ಮೇಲೇ ಇತ್ತು. ಅದರ ಮೊದಲ ಪದ ‘ಆದರೆ’.